ಮೆಟ್ಟಿಲು ಏರಿದರೂ ಏರದ ನಾಡಿ

ಮಾನ್ಯ ಸಂಪಾದಕರೇ,

ಬೆಳಗಿನ ಜಾವ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲ ಮೇಲೆ ಅರವತ್ತು ದಾಟಿದವರೂ ಉತ್ಸಾಹದಿಂದ ಹೆಜ್ಜೆ ಹಾಕುತ್ತಾರೆ. ಅದು ಸಂತೋಷದ ವಿಷಯ. ಆದರೆ ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕುಳಿತವರಿಗೆ ಸುತ್ತ ನೆರೆದವರು ಹೇಳುವುದು ಎರಡೇ ಮಾತು: 'ಬಿ.ಪಿ. ಏರಿರಬೇಕು', 'ಶುಗರ್ ಇಳಿದಿರಬೇಕು'. ಒಬ್ಬರು ನೀರು ಕೊಡುತ್ತಾರೆ, ಇನ್ನೊಬ್ಬರು ಗ್ಲೂಕೋಸ್ ಬಿಸ್ಕತ್ತು ಕೊಡುತ್ತಾರೆ. ಮಣಿಕಟ್ಟು ಹಿಡಿದು ನಾಡಿ ಎಣಿಸುವವರು ಮಾತ್ರ ಇಲ್ಲ. ಆ ಒಂದು ನಿಮಿಷದ ಎಣಿಕೆ ಮುಂದಿನ ಹತ್ತು ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಶ್ರಮ ಬಿದ್ದಾಗ ಏರಬೇಕಾದ ನಾಡಿ ಏರದೆ ಬರುವ ತಲೆಸುತ್ತಿನ ಬಗ್ಗೆ ಹೇಳಲೆಂದೇ ಈ ಪತ್ರ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಒಂದು ಇಸಿಜಿ ನಾರ್ಮಲ್ ಬಂದರೆ ಸಾಕು, ಹೃದಯ ಚೆನ್ನಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇಸಿಜಿ ಹಾಳೆಯಲ್ಲಿ ಇರುವುದು ಹಾಸಿಗೆಯ ಮೇಲೆ ನೆಮ್ಮದಿಯಾಗಿ ಮಲಗಿದ ಹೃದಯದ ಹತ್ತು ಸೆಕೆಂಡು. ನಡೆದಾಗ, ಹತ್ತಿದಾಗ, ಭಾರ ಎತ್ತಿದಾಗ ಬರುವ ತಲೆಸುತ್ತಿಗೆ ಆ ಹತ್ತು ಸೆಕೆಂಡು ಉತ್ತರ ಕೊಡಲೇಬೇಕೆಂದಿಲ್ಲ.

ಲೆಕ್ಕ ಸರಳ. ಸುಮ್ಮನೆ ಕುಳಿತಾಗ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ ಹತ್ತಿರ ಹತ್ತಿರ 5 ಲೀಟರ್. ಬೆಟ್ಟ ಹತ್ತುವಾಗ ದೇಹಕ್ಕೆ ಇದರ ಎರಡು, ಮೂರು ಪಟ್ಟು ಬೇಕು. ಒಂದೊಂದು ಬಡಿತದಲ್ಲಿ ತಳ್ಳುವ ರಕ್ತ ಒಂದೂವರೆ ಪಟ್ಟಿನ ಆಸುಪಾಸು ಹೆಚ್ಚೀತು, ಉಳಿದದ್ದೆಲ್ಲ ಬಡಿತದ ವೇಗದಿಂದಲೇ ಬರಬೇಕು. ವೇಗ 60ರಲ್ಲೇ ನಿಂತುಬಿಟ್ಟರೆ ಆರೂವರೆ ಲೀಟರ್ ದಾಟುವುದೇ ಕಷ್ಟ. ಅತ್ತ ಕಾಲಿನ ಸ್ನಾಯುಗಳ ರಕ್ತನಾಳಗಳು ಬಾಯಿ ತೆರೆದು ಕುಳಿತಿರುತ್ತವೆ. ಬಂದ ರಕ್ತವನ್ನೆಲ್ಲ ಅವೇ ಎಳೆದುಕೊಂಡು, ರಕ್ತದೊತ್ತಡ ಕುಸಿದು, ಮಿದುಳಿಗೆ ಕೊರತೆ ಬೀಳುತ್ತದೆ. ಕಣ್ಣು ಕತ್ತಲೆ ಬರುವುದು, ಕಾಲು ಸೀಸದಂತೆ ಭಾರವಾಗುವುದು, ಮಾತಾಡಲು ಉಸಿರು ಸಾಲದಿರುವುದು ಎಲ್ಲವೂ ಇದೇ ಕೊರತೆಯ ಮುಖಗಳು.

ಹಾಗಾದರೆ ನಾಡಿ ನಿಧಾನ ಇರುವುದು ಒಳ್ಳೆಯದೋ ಕೆಟ್ಟದ್ದೋ? ಕುಳಿತಾಗಿನ ಸಂಖ್ಯೆಯೊಂದರಿಂದ ಇದನ್ನು ತೀರ್ಮಾನಿಸಲಾಗದು. ವರ್ಷಗಟ್ಟಲೆ ಓಡಿ ಪಳಗಿದವರ ನಾಡಿ ಬೆಳಿಗ್ಗೆ 42 ಇರಬಹುದು. ನಿದ್ದೆಯಲ್ಲಿ ಸಾಮಾನ್ಯರಿಗೂ ನಲವತ್ತರ ಆಸುಪಾಸಿಗೆ ಇಳಿಯಬಹುದು. ಒಳ್ಳೆಯ ನಿಧಾನದ ಗುರುತು ಏನೆಂದರೆ, ಎರಡು ಮಹಡಿ ಹತ್ತಿದ ಕೂಡಲೇ ಅದು ಸಲೀಸಾಗಿ 90, 100, 110ಕ್ಕೆ ಏರುತ್ತದೆ, ನಿಂತಮೇಲೆ ಬೇಗ ಇಳಿಯುತ್ತದೆ, ತಲೆಸುತ್ತು ಇರುವುದಿಲ್ಲ. ಕೆಟ್ಟ ನಿಧಾನ ಮೆಟ್ಟಿಲು ಹತ್ತಿದರೂ 55ರಿಂದ 65ಕ್ಕೆ ಬಂದು ಅಲ್ಲೇ ಕೂರುತ್ತದೆ, ಇಲ್ಲವೇ 110ರವರೆಗೆ ಏರಿ ಒಮ್ಮೆಲೇ ಅರ್ಧಕ್ಕೆ ಬೀಳುತ್ತದೆ. ಈ ಎರಡನೆಯ ಬಗೆಗೆ ಮುಂದೆ ಬರುತ್ತೇವೆ.

ಎಣಿಸುವ ಕ್ರಮ ಹೀಗೆ. ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ಗುಳಿಯಲ್ಲಿ ತೋರುಬೆರಳು ಮತ್ತು ನಡುಬೆರಳು ಇಡಿ. ಹೆಬ್ಬೆರಳಿನಿಂದ ಎಣಿಸಬೇಡಿ, ಅದರದ್ದೇ ನಾಡಿ ಎಣಿಕೆಗೆ ಬಂದುಬಿಡುತ್ತದೆ. ಐದು ನಿಮಿಷ ಕುಳಿತ ಮೇಲೆ ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪುವ ಬಡಿತಗಳು ಕೈಗೆ ಸಿಗುವುದಿಲ್ಲ. ಶ್ರಮದ ನಂತರ ಮಾತ್ರ ಇದು ತಿರುಗುಮುರುಗು: ನಿಂತ ಕ್ಷಣದಿಂದಲೇ ನಾಡಿ ಇಳಿಯತೊಡಗುವುದರಿಂದ ಮೊದಲ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದೇ ಸರಿ. ಕುತ್ತಿಗೆಯ ನಾಡಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ವಯಸ್ಸಾದವರು ಅಲ್ಲಿ ಒತ್ತಿ ಹಿಡಿಯಬಾರದು. ಕೆಲವರಿಗೆ ಆ ಒತ್ತಡದಿಂದಲೇ ಬಡಿತ ಇಳಿದು ತಲೆ ತಿರುಗುತ್ತದೆ. ಒಮ್ಮೆಯಾದರೂ ಶ್ರಮದ ನಡುವೆ ಎಚ್ಚರ ತಪ್ಪಿದವರು ಈ ಮೆಟ್ಟಿಲ ಪರೀಕ್ಷೆಯನ್ನು ಮನೆಯಲ್ಲಿ ಮಾಡುವುದು ಬೇಡವೇ ಬೇಡ, ಅವರು ನೇರವಾಗಿ ವೈದ್ಯರ ಬಳಿ ಹೋಗಬೇಕು.

ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನಂಬುವ ಮೊದಲು ಒಂದು ಎಚ್ಚರಿಕೆ. ಅದು ಹಸಿರು ಬೆಳಕು ಬಿಟ್ಟು ಚರ್ಮದಡಿಯ ರಕ್ತದ ಅಲೆಯನ್ನು ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ, ಬೆವರಿದ್ದರೆ, ಸೈಕಲ್ ಹ್ಯಾಂಡಲ್ಲನ್ನೋ ಡಂಬೆಲ್ಲನ್ನೋ ಬಿಗಿಯಾಗಿ ಹಿಡಿದಿದ್ದರೆ ಎಣಿಕೆ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾದ ತಪ್ಪು ಇನ್ನೊಂದಿದೆ. ಪ್ರತಿ ಸಹಜ ಬಡಿತದ ಬೆನ್ನಿಗೆ ಒಂದು ಅವಸರದ ಬಡಿತ ಬರುತ್ತಿದ್ದರೆ, ಹೃದಯ ತುಂಬುವ ಮೊದಲೇ ಹಿಂಡುವುದರಿಂದ ಆ ಅಲೆ ಮಣಿಕಟ್ಟಿನವರೆಗೆ ಮುಟ್ಟುವುದೇ ಇಲ್ಲ. ಹೃದಯ 84 ಬಾರಿ ಬಡಿಯುತ್ತಿರುತ್ತದೆ, ಗಡಿಯಾರವೂ ಬೆರಳಿನ ಆಕ್ಸಿಮೀಟರೂ ಬಿ.ಪಿ. ಯಂತ್ರವೂ ಒಮ್ಮತದಿಂದ 42 ಎನ್ನುತ್ತವೆ. ಇದು ನಿಧಾನ ನಾಡಿಯ ರೋಗವಲ್ಲ, ಚಿಕಿತ್ಸೆಯೂ ಬೇರೆ. ಇಸಿಜಿ ಇಲ್ಲದೆ ಎರಡನ್ನೂ ಬಿಡಿಸಿ ಹೇಳಲಾಗದು. ಇಸಿಜಿ ತೆಗೆಯುವ ಗಡಿಯಾರ ಇದ್ದರೆ ತಲೆಸುತ್ತು ಬಂದಾಗ ಕುಳಿತು, ಕೈಯನ್ನು ತೊಡೆಯ ಮೇಲಿಟ್ಟು, 30 ಸೆಕೆಂಡಿನ ಪಟ್ಟಿ ಉಳಿಸಿಕೊಳ್ಳಿ. ವೈದ್ಯರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನು ಕಾರಣಗಳು. ಮೊದಲು ನೋಡಬೇಕಾದದ್ದು ಮಾತ್ರೆಯ ಡಬ್ಬಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಪ್ರೊಪ್ರನೊಲಾಲ್ ಹೀಗೆ 'ಲಾಲ್' ಎಂದು ಕೊನೆಯಾಗುವ ಬೀಟಾ ಬ್ಲಾಕರ್‌ಗಳ ಕೆಲಸವೇ ಬಡಿತಕ್ಕೆ ಕಡಿವಾಣ ಹಾಕುವುದು. ನಮ್ಮಲ್ಲಿ ಇವು ಬಿ.ಪಿ.ಯ ಬೇರೆ ಮಾತ್ರೆಗಳ ಜೊತೆ ಒಂದೇ ಗುಳಿಗೆಯಾಗಿ ಬರುವುದರಿಂದ ತಿನ್ನುವವರಿಗೇ ಗೊತ್ತಿರುವುದಿಲ್ಲ. ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ. ಡಿಲ್ಟಿಯಾಜೆಮ್, ವೆರಪಮಿಲ್, ಡಿಗಾಕ್ಸಿನ್, ಐವಬ್ರಡಿನ್, ಕ್ಲೋನಿಡಿನ್ ಕೂಡ ಬಡಿತ ಇಳಿಸುತ್ತವೆ. ಬೀಟಾ ಬ್ಲಾಕರ್ ಜೊತೆ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಸೇರಿದರೆ ಅಪಾಯ ಇಮ್ಮಡಿ, ಇಬ್ಬರು ಬೇರೆ ಬೇರೆ ವೈದ್ಯರ ಚೀಟಿ ಒಂದೇ ಮನೆಯಲ್ಲಿ ಕೂಡಿದಾಗ ಹೀಗಾಗುವುದುಂಟು. ಮೈಗ್ರೇನಿಗೆ, ಕೈನಡುಕಕ್ಕೆ ಪ್ರೊಪ್ರನೊಲಾಲ್ ನುಂಗುವವರು ಅದನ್ನು 'ಹೃದಯದ ಮಾತ್ರೆ' ಎಂದು ಎಣಿಸುವುದಿಲ್ಲ. ಮರೆವಿಗೆ ಕೊಡುವ ಡೊನೆಪೆಜಿಲ್ ಕೂಡ ಇದೇ ಸಾಲಿನದು. ಮಾನಸಿಕ ಆರೋಗ್ಯಕ್ಕೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಮಾತ್ರೆಗಳು ಮೆಟೊಪ್ರೊಲಾಲ್ ದೇಹದಲ್ಲಿ ಒಡೆದು ಹೊರಹೋಗುವುದನ್ನು ತಡೆಯುವುದರಿಂದ, ಹಳೆಯ ಡೋಸೇ ಹೊಸದಾಗಿ ಜಾಸ್ತಿಯಾಗಿಬಿಡುತ್ತದೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು ಕಣ್ಣಿನ ಹನಿ. ಗ್ಲಾಕೋಮಾಕ್ಕೆ (ಕಣ್ಣಿನ ಒಳ ಒತ್ತಡ ಏರುವ ಕಾಯಿಲೆಗೆ) ಹಾಕುವ ಟಿಮೊಲಾಲ್ ಸಹ ಬೀಟಾ ಬ್ಲಾಕರೇ. ಕಣ್ಣಿಗೆ ಬಿಟ್ಟ ಹನಿ ಒಳಮೂಲೆಯ ಸಣ್ಣ ನಾಳದಿಂದ ಮೂಗಿಗೆ ಇಳಿದು, ಅಲ್ಲಿನ ಪೊರೆಯಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಂತೆ ಮೊದಲು ಯಕೃತ್ತಿನಲ್ಲಿ ಸೋಸಿಹೋಗುವುದಿಲ್ಲ. ಅದಕ್ಕೇ ಒಂದು ಹನಿ ಕೆಲವು ವೃದ್ಧರ ನಾಡಿಯನ್ನು ನಲವತ್ತಕ್ಕೆ ತರಬಲ್ಲದು. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ ಹಿಡಿದರೆ ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಆದರೂ ನಾಡಿ ಇಳಿದರೆ ಕಣ್ಣಿನ ವೈದ್ಯರಿಗೆ ಹೇಳಿ, ಬೇರೆ ಹನಿಗಳಿವೆ. 'ಯಾವ ಮಾತ್ರೆ ತಗೋತೀರಿ?' ಎಂದು ಹೃದಯದ ವೈದ್ಯರು ಕೇಳಿದಾಗ ಕಣ್ಣಿನ ಹನಿಯ ಹೆಸರನ್ನೂ ದಯವಿಟ್ಟು ಹೇಳಿ.

ಇದನ್ನು ಓದಿ ಯಾರೂ ನಾಳೆಯಿಂದಲೇ ಬೀಟಾ ಬ್ಲಾಕರ್ ನಿಲ್ಲಿಸಬಾರದು. ಕಡಿವಾಣ ಒಮ್ಮೆಲೇ ಬಿಟ್ಟರೆ ಬಡಿತವೂ ಒತ್ತಡವೂ ಪುಟಿದೇಳುತ್ತವೆ. ಹೃದಯದ ರಕ್ತನಾಳ ಕಿರಿದಾಗಿರುವವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ಡೋಸ್ ಇಳಿಸುವುದನ್ನು ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಮಾಡಬೇಕು.

ಮಾತ್ರೆಯಲ್ಲದಿದ್ದರೆ ರಕ್ತ ಪರೀಕ್ಷೆಯಲ್ಲಿ ನೋಡಬೇಕಾದವು ಹೆಚ್ಚಿಲ್ಲ: ಥೈರಾಯಿಡ್‌ಗೆ ಟಿಎಸ್‌ಎಚ್, ಪೊಟ್ಯಾಸಿಯಂ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಸಕ್ಕರೆ. ಮೂತ್ರಪಿಂಡ ದುರ್ಬಲವಾಗಿದ್ದು, ಅದರ ಜೊತೆ ಸ್ಪೈರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್ ತರಹದ ಮಾತ್ರೆಗಳಿದ್ದರೆ ಪೊಟ್ಯಾಸಿಯಂ ಏರಿ ಬಡಿತ ಇಳಿಯಬಹುದು. ಅಂಥವರು ವ್ಯಾಯಾಮ ಮುಗಿಸಿ ಪೊಟ್ಯಾಸಿಯಂ ಹೆಚ್ಚಿರುವ ಎಳನೀರಿಗೆ ಕೈ ಹಾಕಬಾರದು. ಡೆಂಗಿ ವಾಸಿಯಾಗುವ ದಿನಗಳಲ್ಲಿ ನಾಡಿ ಐವತ್ತರ ಕೆಳಗಿಳಿಯುವುದುಂಟು. ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ, ಆದರೆ ಸರಿಹೋಗುವವರೆಗೆ ಜಿಮ್ಮು, ಓಟ ಬೇಡ.

ಇನ್ನು ಈ ಪತ್ರದ ಮುಖ್ಯ ವಿಷಯ: ಟ್ರೆಡ್‌ಮಿಲ್ ಪರೀಕ್ಷೆಯ ವರದಿ. ಚಲಿಸುವ ಪಟ್ಟಿಯ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ ಇದು. ಇದನ್ನು ನಡೆಸುವ ಬ್ರೂಸ್ ಎಂಬ ವಿಧಾನದಲ್ಲಿ ಮೂರು ಮೂರು ನಿಮಿಷಕ್ಕೊಂದು ಹಂತ. ಮೊದಲು ಗಂಟೆಗೆ 2.7 ಕಿ.ಮೀ. ವೇಗ, ಶೇ 10 ಏರು. ಎರಡನೆಯದು 4 ಕಿ.ಮೀ., ಶೇ 12. ಮೂರನೆಯದು 5.5 ಕಿ.ಮೀ., ಶೇ 14. 220ರಿಂದ ವಯಸ್ಸು ಕಳೆದರೆ ಬರುವ ಸಂಖ್ಯೆಯ ಶೇ 85 ಮುಟ್ಟಿಸುವುದು ಸಾಮಾನ್ಯ ಗುರಿ. ಈ ಸೂತ್ರ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವಂಥದ್ದು, ಅದನ್ನು ಶಾಸನದಂತೆ ನೋಡಬಾರದು. ಗುರಿ ಮುಟ್ಟದೆ ರೋಗಿ ಇಳಿದರೆ ಯಂತ್ರದ ಹಾಳೆಯ ಕೊನೆಯಲ್ಲಿ ಒಂದು ಸಾಲು ಬೀಳುತ್ತದೆ: 'ಟಾರ್ಗೆಟ್ ಹಾರ್ಟ್ ರೇಟ್ ನಾಟ್ ಅಚೀವ್ಡ್, ಟೆಸ್ಟ್ ಇನ್‌ಕನ್‌ಕ್ಲೂಸಿವ್'. ಎಂದರೆ ನಾಡಿ ಗುರಿ ಮುಟ್ಟಲಿಲ್ಲ, ಪರೀಕ್ಷೆಯಿಂದ ತೀರ್ಮಾನಕ್ಕೆ ಬರಲಾಗದು. ರಕ್ತನಾಳದ ಬ್ಲಾಕ್ ಹುಡುಕುವವರಿಗೆ ಆ ಸಾಲು ಸರಿ, ಸಾಕಷ್ಟು ಶ್ರಮವಾಗದೆ ಬ್ಲಾಕ್ ಇದೆಯೋ ಇಲ್ಲವೋ ಹೇಳಲಾಗದು. ಆದರೆ ಶ್ರಮದಲ್ಲಿ ತಲೆಸುತ್ತು ಎಂದು ಬಂದವರಿಗೆ ಅದು ಉತ್ತರ ಸಿಗದ ಪರೀಕ್ಷೆಯಲ್ಲ, ಆ ಸಾಲೇ ಉತ್ತರ ಇರಬಹುದು. ಬಡಿತ ಏಕೆ ಏರಲಿಲ್ಲ ಎಂದು ಯಾರೂ ಕೇಳದೆ ಫೈಲು ಮುಚ್ಚಿಹೋಗುತ್ತದೆ.

ಒಂದು ಲೆಕ್ಕ ತೆಗೆದುಕೊಳ್ಳಿ. ವಯಸ್ಸು 60, ಕುಳಿತಾಗ ನಾಡಿ 52. ನಿರೀಕ್ಷೆಯ ಗರಿಷ್ಠ 160. ಎರಡರ ಅಂತರ 108, ಇದು ಹೃದಯದ ಕೈಲಿರುವ ಏರುವ ಶಕ್ತಿ. ಇದರಲ್ಲಿ ಶೇ 80, ಅಂದರೆ 86 ಬಡಿತವಾದರೂ ಬಳಕೆಯಾಗಬೇಕು. ಹಾಗೆ ನಾಡಿ ಸುಮಾರು 138 ಮುಟ್ಟಬೇಕು. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಶೇ 62 ಸಾಕೆಂದು ಒಪ್ಪುತ್ತಾರೆ, ಅವರಿಗೆ 119. ಆ ವ್ಯಕ್ತಿ ಸುಸ್ತಾಗಿ ಕೈಚೆಲ್ಲಿದಾಗ ನಾಡಿ 104 ಇದ್ದರೆ ಏರಿದ್ದು 52 ಮಾತ್ರ, ಅರ್ಧಕ್ಕೂ ಕಡಿಮೆ. ಮಂಡಿನೋವಿಗೋ ಭಯಕ್ಕೋ ಮಧ್ಯೆ ಇಳಿದವರಿಗೆ ಈ ಲೆಕ್ಕ ಅನ್ವಯಿಸದು, ಉಸಿರು ಕಟ್ಟುವವರೆಗೆ ನಡೆದವರಿಗೆ ಮಾತ್ರ. ಆದ್ದರಿಂದ ಏಕೆ ನಿಲ್ಲಿಸಿದರು ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಅಂದು ಬೆಳಿಗ್ಗೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿದ್ದರು ಎಂಬುದನ್ನೂ ಬರೆಯಬೇಕು. ಬ್ಲಾಕ್ ಹುಡುಕಲು ವೈದ್ಯರ ಸಲಹೆಯಂತೆ ಬೀಟಾ ಬ್ಲಾಕರ್ ಒಂದೆರಡು ದಿನ ನಿಲ್ಲಿಸಿ ಪರೀಕ್ಷೆ ಮಾಡಿಸುವ ರೂಢಿಯಿದೆ. ತಲೆಸುತ್ತಿನ ಕಾರಣ ಮಾತ್ರೆಯೇ ಆಗಿದ್ದರೆ ಹಾಗೆ ನಿಲ್ಲಿಸಿದ ದಿನ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಯಾವುದಕ್ಕಾಗಿ ಪರೀಕ್ಷೆ ಎಂಬುದು ಮೊದಲು ತೀರ್ಮಾನವಾಗಬೇಕು.

ಏರಿ ಒಮ್ಮೆಲೇ ಅರ್ಧಕ್ಕೆ ಬೀಳುವ ನಾಡಿಯ ಮಾತು ಬಾಕಿಯಿತ್ತು. ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 130 ಸಂಕೇತ ಕಳಿಸುತ್ತಿವೆ, ಕೆಳಕ್ಕೆ ಒಯ್ಯುವ ತಂತು ಸವೆದಿರುವುದರಿಂದ ಎರಡಕ್ಕೊಂದು ಮಾತ್ರ ದಾಟುತ್ತದೆ, ಕೆಳಗಿನ ಕೋಣೆಗಳು 65ಕ್ಕೆ ಇಳಿಯುತ್ತವೆ. ಹಾಳೆಯಲ್ಲಿ ನೋಡಿದರೆ ಎರಡು ಸಣ್ಣ ಗುಡ್ಡಕ್ಕೆ ಒಂದೇ ಚೂಪು ಶಿಖರ. ಮಲಗಿದಾಗ 70ರ ವೇಗದಲ್ಲಿ ಇದೇ ತಂತು ತಪ್ಪದೆ ಕೆಲಸ ಮಾಡುವುದರಿಂದ ಇಸಿಜಿಯಲ್ಲಿ ತಂತುವಿನ ಬಲ ಕವಲಿನ ಬ್ಲಾಕಿನಂಥ (ಸಂಕೇತದ ತಡೆ, ರಕ್ತನಾಳದ್ದಲ್ಲ) ಸುಳಿವು ಬಿಟ್ಟರೆ ಬೇರೇನೂ ಕಾಣದೆ ಹೋಗಬಹುದು. ಕ್ರೀಡಾಪಟುಗಳಲ್ಲಿ ವಿಶ್ರಾಂತಿಯ ವೇಳೆ ಕಾಣುವ ನಿರುಪದ್ರವಿ ತಡೆ ಓಡಿದಾಗ ಮಾಯವಾಗುತ್ತದೆ, ಇದು ಓಡಿದಾಗಲೇ ಹುಟ್ಟುತ್ತದೆ. ಶ್ರಮದಲ್ಲಿ ಹುಟ್ಟುವ ತಡೆ ಸಾಮಾನ್ಯವಾಗಿ ತಂತುವಿನ ಕೆಳಭಾಗದ್ದು. ಅದು ಪೂರ್ತಿ ತುಂಡಾಗುವ ಅಪಾಯ ಇರುವುದರಿಂದ, ಸರಿಪಡಿಸಬಹುದಾದ ಬೇರೆ ಕಾರಣ ಸಿಗದಿದ್ದರೆ ಬಡಿತ ಕಾಯುವ ಪುಟ್ಟ ಯಂತ್ರವಾದ ಪೇಸ್‌ಮೇಕರ್ ಬೇಕಾಗುತ್ತದೆ. ಟ್ರೆಡ್‌ಮಿಲ್ ನಡೆಸುವವರು 'ಲೀಡು (ಎದೆಗೆ ಅಂಟಿಸಿದ ತಂತಿ) ಸಡಿಲವಾಯಿತು' ಎಂದುಕೊಂಡು ಆ ಪಟ್ಟಿಯನ್ನು ಹರಿದುಹಾಕಬಾರದು. ಮುದ್ರಿಸಿ ಫೈಲಿಗೆ ಹಾಕಿ.

ಟ್ರೆಡ್‌ಮಿಲ್‌ಗಿಂತ ಮೊದಲು ಒಂದು ಷರತ್ತಿದೆ. ಶ್ರಮದ ನಡುವೆ ಎಚ್ಚರ ತಪ್ಪಿದವರಿಗೆ ಮೊದಲು ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಟ್ರೆಡ್‌ಮಿಲ್. ಮಹಾಪಧಮನಿಯ ಕವಾಟ ಕಿರಿದಾಗಿದ್ದರೆ ಅಥವಾ ಹೃದಯದ ಸ್ನಾಯು ಅತಿಯಾಗಿ ದಪ್ಪವಾಗಿದ್ದರೆ ಅವರನ್ನು ಹಾಗೆಯೇ ಓಡಿಸುವುದು ಅಪಾಯ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ದಿಢೀರ್ ಸಾವು ಆಗಿದ್ದರೆ ಕೇಳುವ ಮೊದಲೇ ಹೇಳಿ. ದಿನವಿಡೀ ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರ ಕಟ್ಟಿದವರಿಗೂ ಒಂದು ಮಾತು: 24 ಗಂಟೆ ಯಂತ್ರ ಕಟ್ಟಿಕೊಂಡು ಮಂಚದ ಮೇಲೆ ಮಲಗಿದರೆ ಮಂಚದ ನಾಡಿಯೇ ದಾಖಲಾಗುತ್ತದೆ. ವೈದ್ಯರು ಒಪ್ಪಿದರೆ ಯಾವ ಕೆಲಸದಲ್ಲಿ ತಲೆ ಸುತ್ತುತ್ತದೋ ಅದನ್ನೇ, ಜೊತೆಗೊಬ್ಬರನ್ನು ಇಟ್ಟುಕೊಂಡು ಮಾಡಿ, ಗಂಟೆ ನಿಮಿಷ ಸಹಿತ ಬರೆದಿಡಿ.

ಎಲ್ಲ ತಲೆಸುತ್ತೂ ಬಡಿತದ್ದಲ್ಲ. ಓಡುವಾಗ ಚೆನ್ನಾಗಿದ್ದು ನಿಂತಕೂಡಲೇ ಕಣ್ಣು ಕತ್ತಲೆ ಬರುವುದು ಬೇರೆಯೇ ಸಂಗತಿ. ಓಡುವಾಗ ಮೀನಖಂಡಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ, ಗಕ್ಕನೆ ನಿಂತರೆ ಆ ಪಂಪು ನಿಂತು ರಕ್ತ ಕಾಲಿನಲ್ಲೇ ಉಳಿಯುತ್ತದೆ. ಕೊನೆಯ 5ರಿಂದ 10 ನಿಮಿಷ ನಿಧಾನ ನಡೆದು ಮುಗಿಸಿ. ಬೆವರು ಆರುವ ಮೊದಲೇ ಬಿಸಿನೀರಿನ ಸ್ನಾನ ಬೇಡ. ಬೆಳಿಗ್ಗೆ ಐದೂವರೆಗೆ ಬಿ.ಪಿ. ಮಾತ್ರೆ ನುಂಗಿ, ಒಂದು ಲೋಟ ಕಾಫಿ ಕುಡಿದು, ಖಾಲಿ ಹೊಟ್ಟೆಯಲ್ಲಿ ಬೆಟ್ಟ ಹತ್ತುವವರು ಮಾತ್ರೆಯ ಸಮಯ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಲಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಸಹ ನಿಂತಾಗ ಒತ್ತಡ ಇಳಿಸುತ್ತದೆ. ಐದು ನಿಮಿಷ ಮಲಗಿ ಒಮ್ಮೆ, ಎದ್ದು ನಿಂತು ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಒಮ್ಮೊಮ್ಮೆ ಬಿ.ಪಿ. ನೋಡಿ. ಮೇಲಿನ ಸಂಖ್ಯೆ 20, ಅಥವಾ ಕೆಳಗಿನದು 10 ಇಳಿದರೆ ಸಮಸ್ಯೆ ಒತ್ತಡದ್ದು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವವರಿಗೂ ತಲೆ ತಿರುಗುತ್ತದೆ, ಎತ್ತುವಾಗ ಉಸಿರು ಬಿಡಬೇಕು. ಉದ್ಯಾನದ ಬಾಗಿಲಲ್ಲಿ ಮಾರುವ ಸೋರೆಕಾಯಿ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬೇಡಿ, ಅದರ ವಿಷದಿಂದ ವಾಂತಿಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ.

ಸ್ಥಳದಲ್ಲಿ ಮಾಡಬೇಕಾದದ್ದು ಇಷ್ಟು. ತಲೆ ಸುತ್ತಿದವರನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಒಂದಡಿ ಎತ್ತಿಡಿ. ಎತ್ತಿ ನಿಲ್ಲಿಸಬೇಡಿ, ಮಂಕಾಗಿದ್ದರೆ ಬಾಯಿಗೆ ನೀರು ಹಾಕಬೇಡಿ. ನಾಡಿ ಎಣಿಸಿ, ಸಂಖ್ಯೆಯನ್ನೂ ಸಮಯವನ್ನೂ ಫೋನಿನಲ್ಲಿ ಬರೆದಿಡಿ. 40ಕ್ಕಿಂತ ಕಡಿಮೆ ಇದ್ದರೆ, ಎದೆನೋವು, ಉಸಿರಾಟದ ತೊಂದರೆ ಇದ್ದರೆ, ಅಥವಾ ಎಚ್ಚರ ತಪ್ಪಿದ್ದರೆ 108ಕ್ಕೆ ಕರೆ ಮಾಡಿ. ಸ್ಕೂಟರಿನ ನಡುವೆ ಕೂರಿಸಿಕೊಂಡು ಹೋಗಬೇಡಿ. ಕರೆದರೂ ಅಲುಗಾಡಿಸಿದರೂ ಎಚ್ಚರಗೊಳ್ಳದೆ, ಉಸಿರಾಟ ಸಹಜವಾಗಿಲ್ಲದಿದ್ದರೆ ನಾಡಿ ಹುಡುಕುತ್ತಾ ಕೂರದೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಲು ಶುರುಮಾಡಿ. ಕಾರಣ ಗೊತ್ತಾಗುವವರೆಗೆ ಆ ವ್ಯಕ್ತಿ ವಾಹನ ಓಡಿಸಬಾರದು, ಒಬ್ಬರೇ ಈಜಬಾರದು.

ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೂ ಹತ್ತುವಾಗ ತಲೆಸುತ್ತು ಎನ್ನುವವರಿದ್ದಾರೆ. 'ವಯಸ್ಸಾಯಿತು' ಎಂದು ಸುಮ್ಮನಾಗಬೇಡಿ. ಶ್ರಮಕ್ಕೆ ತಕ್ಕಂತೆ ವೇಗ ಏರಿಸುವ ಸೌಲಭ್ಯ ಬಂದ್ ಆಗಿರಬಹುದು. ಬಹಳಷ್ಟು ಯಂತ್ರಗಳು ಮೈಯ ಅಲುಗಾಟವನ್ನು ಅಳೆದು ವೇಗ ಏರಿಸುವುದರಿಂದ ಎದೆ ಅಲುಗದ ಸೈಕಲ್ ಸವಾರಿಯಲ್ಲಿ ಅವಕ್ಕೆ ಶ್ರಮವೇ ತಿಳಿಯದು. ಎರಡು ತಂತಿಯ ಯಂತ್ರದಲ್ಲಿ ಮೇಲಿನ ಮಿತಿ 120ಕ್ಕೆ ಇಟ್ಟಿದ್ದು, ಚಟುವಟಿಕೆಯ ವ್ಯಕ್ತಿಯ ಮೇಲಿನ ಕೋಣೆ 140 ಮುಟ್ಟಿದರೆ ಯಂತ್ರವೇ ಬಡಿತಗಳನ್ನು ಬಿಡುತ್ತದೆ, ಹೊಂದಿಕೆ ಸರಿಯಿಲ್ಲದಿದ್ದರೆ ನಾಡಿ ದಿಢೀರನೆ ಅರ್ಧವಾಗುತ್ತದೆ. ಇವೆಲ್ಲವನ್ನೂ ಎದೆಯ ಮೇಲೆ ಪ್ರೋಗ್ರಾಮರ್ ಎಂಬ ಉಪಕರಣ ಇಟ್ಟು, ಕೊಯ್ಯದೆಯೇ, ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಪೇಸ್‌ಮೇಕರ್ ಖರ್ಚಿಗೆ ಹೆದರಿ ತಡಮಾಡುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಸಿಗುವ ನೆರವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಲಿ.

ಉದ್ಯಾನಗಳಲ್ಲಿ ಆರೋಗ್ಯ ಶಿಬಿರ ನಡೆಸುವ ಸಂಘಗಳಲ್ಲಿ ನಮ್ಮ ವಿನಂತಿ: ಇಸಿಜಿಯ ಜೊತೆಗೆ ನಿಂತಾಗಿನ ಬಿ.ಪಿ., ತಲೆಸುತ್ತಿನ ದೂರು ಇಲ್ಲದವರಿಗೆ ಎರಡು ಮಹಡಿ ಹತ್ತಿದ ಮೇಲಿನ ನಾಡಿ, ಇವೆರಡನ್ನು ಸೇರಿಸಿ. ತಲೆಸುತ್ತು ಇದೆ ಎನ್ನುವವರನ್ನು ಹತ್ತಿಸದೆ ನೇರ ಹೃದಯ ವೈದ್ಯರಿಗೆ ಕಳಿಸಿ. ಟ್ರೆಡ್‌ಮಿಲ್ ಕೇಂದ್ರಗಳವರಲ್ಲಿ ಇನ್ನೊಂದು ವಿನಂತಿ: ವರದಿಯ ನಮೂನೆಯಲ್ಲಿ 'ಗುರಿ ಮುಟ್ಟಲಿಲ್ಲ' ಎಂಬ ಸಾಲಿನ ಕೆಳಗೆ ಮೂರು ಖಾಲಿ ಜಾಗ ಬಿಡಿ. ಏಕೆ ನಿಲ್ಲಿಸಿದರು, ಆಗ ನಾಡಿ ಎಷ್ಟಿತ್ತು, ಅಂದು ತೆಗೆದುಕೊಂಡ ಮಾತ್ರೆ ಮತ್ತು ಕಣ್ಣಿನ ಹನಿ ಯಾವುವು. ಖಾಲಿ ಬಿಟ್ಟ ವರದಿಗೆ ಸಹಿ ಹಾಕಬೇಡಿ.

ಇಂತಿ,
ಟ್ರೆಡ್‌ಮಿಲ್ ಮತ್ತು ಪೇಸ್‌ಮೇಕರ್ ವಿಭಾಗಗಳಲ್ಲಿ ಕೆಲಸ ಮಾಡುವ ವೈದ್ಯರು ಹಾಗೂ ತಂತ್ರಜ್ಞರು, ಮೈಸೂರು